386 ಗ್ರಾಂ ಕಲ್ಲು, ಹಿಂದೊಂದು ಗೂಟ

ಇದು ನಮ್ಮ ಮನೆಯಲ್ಲೇ ನಡೆದ ಪ್ರಕರಣ. ಮಾಮಾನ್ನ ಕೇಳೇ ಬರೀತಿದೀನಿ, ಹೆಸರು ಹಾಕಬ್ಯಾಡವಾ ಅಂದಿದಾರೆ, ಹಂಗಾಗಿ ಹೆಸರಿಲ್ಲ. ಮಾಮಾ ಅಂದ್ರೆ ನಮ್ಮವ್ವನ ಕೊನೇ ತಮ್ಮ, ಗದಗ ಕಡೆಯವರು, ಪುಣೆ ಹತ್ರದ ಪಿಂಪ್ರಿಯ ಒಂದು ಫ್ಯಾಕ್ಟರಿಯ ಟೂಲ್‌ರೂಮಲ್ಲಿ 34 ವರ್ಷ ದುಡಿದು ರಿಟೈರ್ ಆಗಿ ಈಗ ಚಿಂಚವಾಡದಲ್ಲಿದಾರೆ. ಮಗ ಇರೋದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ನಾನು ಭೋಸರಿ ಎಂಐಡಿಸಿಯ ಒಂದು ಲ್ಯಾಬಲ್ಲಿ ಲೋಹದ ಸ್ಯಾಂಪಲ್ ಟೆಸ್ಟ್ ಮಾಡೋಳು, ಭಾನುವಾರ ಬಂತು ಅಂದ್ರೆ ಕ್ವಾರಿ ಕ್ವಾರಿ ತಿರುಗೋಳು. ಮನೇಲಿ ವಾಘೋಲಿಯ ನೀಲಿ ಕ್ಯಾವನ್ಸೈಟ್, ಪಾಷಾಣ್ ಅನ್ನೋ ಊರಿನ ಹಸಿರು ಅಪೋಫಿಲೈಟ್ ಅಂತ ಒಂದು ಕಪಾಟು ತುಂಬಾ ಕಲ್ಲಿದೆ, ಹಿಂಗಾಗಿ ನಮ್ಮ ಬಳಗದಲ್ಲಿ ಯಾರಿಗೆ ಎಲ್ಲಿ ಯಾವ ಕಲ್ಲು ಸಿಕ್ರೂ ಅದು ಕೊನೆಗೆ ನನ್ನ ಅಡುಗೆಮನೆ ಕಟ್ಟೆ ಮೇಲೆ ಬಂದು ಕೂರುತ್ತೆ.

2023ರ ದಸರಾ, ಅಕ್ಟೋಬರ್ 24. ಸಂಜೆ ಮಾಮಾ ಮಾಮಿ ಬನ್ನಿ ಕೊಡೋಕೆ ಬಂದ್ರು. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಎಲೆ ಕೈಗಿಟ್ಟು, ಅದರ ಹಿಂದೇನೇ ಜುಬ್ಬಾದ ಜೇಬಿಂದ ಟವೆಲ್ಲಲ್ಲಿ ಸುತ್ತಿದ್ದ ಒಂದು ಕಲ್ಲು ತೆಗೆದು "ಇದನ್ನೂ ನೋಡವಾ, ಇದರಾಗ ಖರೇನ ಬಂಗಾರ ಐತಿ" ಅಂದ್ರು.

ದೊಡ್ಡ ನಿಂಬೆಹಣ್ಣಿಗಿಂತ ಒಂಚೂರು ದಪ್ಪ. ಅರ್ಧ ಬಿಳೀ ಬೆಣಚುಕಲ್ಲು, ಇನ್ನರ್ಧ ತುಕ್ಕು ಬಣ್ಣದ ಕಬ್ಬಿಣಗಲ್ಲು. ತುಕ್ಕು ಭಾಗದಲ್ಲಿ ಸಾಸಿವೆ ಗಾತ್ರದ ಚೌಕ ಚೌಕ ಗೂಡುಗಳು. ಅಲ್ಲಿ ಮೊದಲು ಪೈರೈಟ್, ಅಂದ್ರೆ ಬಂಗಾರದಂಗೆ ಹೊಳೆಯೋ ಕಬ್ಬಿಣದ ಖನಿಜ, ಇತ್ತು, ಕಾಲಾಂತರದಲ್ಲಿ ಅದು ಕರಗಿ ಹೋಗಿ ಗೂಡು ಮಾತ್ರ ಉಳಿದಿದೆ ಅಂತ ಅರ್ಥ. ಬಿಳಿ ಮತ್ತು ತುಕ್ಕು ಕೂಡೋ ಎರಡು ಬಿರುಕಲ್ಲಿ ಅರಿಶಿನದ ದಾರದಂಗೆ ಹಳದಿ. ಟಾರ್ಚ್ ಹಾಕಿ ತಿರುಗಿಸಿ ನೋಡ್ದೆ, ಪೈರೈಟ್ ಆಗಿದ್ರೆ ಬೆಳಕು ಬಿದ್ದ ಕಡೆ ಮಿಂಚಿ ಇನ್ನೊಂದು ಕಡೆ ಮಸಕಾಗುತ್ತೆ, ಇದು ಹೆಂಗೆ ತಿರುಗಿಸಿದ್ರೂ ಅದೇ ಹಳದಿ. ಸೂಜಿ ಒತ್ತಿದ್ರೆ ಪುಡಿ ಆಗ್ಲಿಲ್ಲ, ತಗ್ಗು ಬಿತ್ತು. ಬಂಗಾರಾನೇ, ಅದರಲ್ಲಿ ನನಗೆ ಆ ಕ್ಷಣದಿಂದ ಡೌಟೇ ಇರಲಿಲ್ಲ.

ಆದ್ರೆ ಒಂದು ಮೂಲೆ ಹೊಸದಾಗಿ ಒಡೆದಿತ್ತು. ಕೇಳಿದ್ರೆ ಮಾಮಾ ಮುಖ ಸಣ್ಣಗಾಯ್ತು.

ಆ ಮೂಲೆ ಕತೆಗೆ ಬರ್ತೀನಿ, ಮೊದಲು ಕಲ್ಲು ಸಿಕ್ಕ ಕತೆ. 2023ರ ಜುಲೈನಲ್ಲಿ ಅಪ್ಪ ಮಗ ಇಬ್ಬರೂ ಪರ್ತ್‌ನಿಂದ ಸುಮಾರು 600 ಕಿಲೋಮೀಟರ್ ದೂರದ ಕಾಲ್ಗೂರ್ಲಿಗೆ, ಅಲ್ಲಿಂದ ಇನ್ನೂ ಉತ್ತರಕ್ಕೆ ಮೆಂಝೀಸ್ ದಾಟಿ ಹೋಗಿದ್ರು. ಅದು ಅಲ್ಲಿ ಚಳಿಗಾಲ, ಬಂಗಾರ ಹುಡುಕೋರು ಹೋಗೋದೇ ಆಗ, ಯಾಕಂದ್ರೆ ಬೇಸಿಗೇಲಿ 40 ಡಿಗ್ರಿ ಮೇಲೆ ಹೋಗುತ್ತೆ, ಫೋನ್ ಸಿಗ್ನಲ್ ಇರಲ್ಲ, ಗಾಡಿ ಕೆಟ್ರೆ ಯಾರೂ ಬರಲ್ಲ. ಕೆಂಪು ಮಣ್ಣು, ಮುಲ್ಗಾ ಅನ್ನೋ ಜಾಲಿ ಜಾತಿಯ ಕುರುಚಲು ಗಿಡ, ಮುಖಕ್ಕೆ ಮುತ್ತೋ ನೊಣ, ಅಲ್ಲಲ್ಲಿ ನೆಲದಿಂದ ಎದ್ದ ಬೆಣಚುಕಲ್ಲಿನ ಬಿಳಿ ದಿಬ್ಬ. ಹಳೇ ಕಾಲದೋರು ತೋಡಿ ಬಿಟ್ಟ ಬಾವಿಯಂಥ ಗುಂಡಿಗಳು ಹಂಗೇ ಬಾಯ್ತೆರೆದು ಬಿದ್ದಿರ್ತವೆ, ಸುತ್ತ ಬೇಲಿ ಇಲ್ಲ ಏನಿಲ್ಲ, ಹಿಂದೆ ಹಿಂದೆ ಸರೀತಾ ಲೋಹ ಹುಡುಕೋ ಡಿಟೆಕ್ಟರ್ ಆಡಿಸೋನು ಒಳಗೆ ಬಿದ್ರೆ ಮುಗೀತು. ಇವರು ಪ್ರತಿಯೊಬ್ಬರಿಗೆ ದಿನಕ್ಕೆ 10 ಲೀಟರ್ ಲೆಕ್ಕದಲ್ಲಿ ನೀರು, ಎರಡು ಸ್ಟೆಪ್ನಿ, ಆಪತ್ತಿನಲ್ಲಿ ಸ್ಯಾಟಲೈಟ್‌ಗೆ ಸಿಗ್ನಲ್ ಕಳಿಸೋ ಬೀಕನ್ ಎಲ್ಲ ಒಯ್ದಿದ್ರು. ಆ ವಿಷಯದಲ್ಲಿ ನಮ್ಮ ತಮ್ಮ, ಅಂದ್ರೆ ಮಾಮಾನ ಮಗ, ಬಹಳ ಹುಷಾರಿ ಹುಡುಗ, ತಪ್ಪು ಹೇಳೋ ಹಂಗಿಲ್ಲ.

ಅಲ್ಲಿ ನೀರಿನ ಕಷ್ಟ ಇವತ್ತಿನದಲ್ಲ. 1892ರಲ್ಲಿ ಆರ್ಥರ್ ಬೇಲಿ ಮತ್ತೆ ವಿಲಿಯಂ ಫೋರ್ಡ್ ಅನ್ನೋರಿಗೆ ಕೂಲ್ಗಾರ್ಡಿಯಲ್ಲಿ ಬಂಗಾರ ಸಿಕ್ತು, ಮರುವರ್ಷ ಜೂನಲ್ಲಿ ಪ್ಯಾಡಿ ಹ್ಯಾನನ್ ಮತ್ತೆ ಅವನ ಜೊತೆಗಾರರಿಗೆ ಕಾಲ್ಗೂರ್ಲಿಯಲ್ಲಿ ಸಿಕ್ತು, ಸಾವಿರಾರು ಜನ ನುಗ್ಗಿದ್ರು, ಆದ್ರೆ ತೊಳೆಯೋಕೆ ಬಿಡಿ ಕುಡಿಯೋಕೇ ನೀರಿಲ್ಲ. ಉಪ್ಪು ನೀರು ಕಾಯಿಸಿ ಆವಿ ಹಿಡಿದು ಮಾರ್ತಿದ್ರು. ಟೈಫಾಯ್ಡಲ್ಲಿ ಬಹಳ ಜನ ಸತ್ರು. ಪರ್ತ್ ಹತ್ರದ ಮಂಡೇರಿಂಗ್ ಅಣೆಕಟ್ಟಿಂದ 500 ಕಿಲೋಮೀಟರಿಗೂ ಉದ್ದದ ಪೈಪಲ್ಲಿ ಕಾಲ್ಗೂರ್ಲಿಗೆ ನೀರು ಬಂದಿದ್ದು 1903ರಲ್ಲಿ, ಅದನ್ನ ಕಟ್ಟಿಸಿದ ಇಂಜಿನಿಯರ್ ಓಕಾನರ್ ಅದನ್ನ ನೋಡೋಕೆ ಬದುಕಿರಲಿಲ್ಲ. ನೀರಿಲ್ಲದ ಕಡೆ ಮಣ್ಣನ್ನ ಗಾಳಿಗೆ ತೂರಿ ಬಂಗಾರ ತೆಗೀತಿದ್ರು, ನಮ್ಮಲ್ಲಿ ಕಣದಾಗ ರಾಶಿ ತೂರ್ತಾರಲ್ಲ ಥೇಟ್ ಹಂಗೇ, ಹಗುರ ಹಾರಿ ಹೋಗುತ್ತೆ ಭಾರ ಕಾಲ ಬುಡಕ್ಕೆ ಬೀಳುತ್ತೆ.

ಇದನ್ನ ಕೇಳ್ದಾಗೆಲ್ಲ ನನಗೆ ನಮ್ಮೂರ ಕಡೆ ಜಾಲಗಾರರು ನೆನಪಾಗ್ತಾರೆ. ಕಪ್ಪತಗುಡ್ಡದ ಹಳ್ಳಗಳಲ್ಲಿ, ಸೊರಟೂರು ಡೋಣಿ ಆ ಕಡೆ, ಮಳೆ ನಿಂತ ಮೇಲೆ ಮರಳು ತೊಳೆದು ಬಂಗಾರದ ಕಣ ತೆಗೀತಿದ್ದ ಜನ. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಬೋಲ್ಡ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ, ಆಮೇಲೆ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಬಂದು ಇವರ ಬಗ್ಗೆ ಬರೆದಿಟ್ಟಿದಾರೆ. ಇದು ಸುಮ್ಮನೆ ಹೋಲಿಕೆ ಅಲ್ಲ, ಪಶ್ಚಿಮ ಆಸ್ಟ್ರೇಲಿಯಾದ ಆ ನೆಲ, ನಮ್ಮ ಗದಗ, ಹಟ್ಟಿ, ಕೋಲಾರದ ನೆಲ, ಎಲ್ಲ ಒಂದೇ ತರದ ಹಳೇ ಹಸಿರುಗಲ್ಲಿನ ಪಟ್ಟಿಗಳು, 250 ಕೋಟಿ ವರ್ಷಕ್ಕೂ ಹಳೇವು. ಪುಣೆಯ ಕರೀ ಬಸಾಲ್ಟ್ ಇವರ ಮುಂದೆ ಬರೀ 6.6 ಕೋಟಿ ವರ್ಷದ ಕೂಸು, ಇಲ್ಲಿ ಸ್ಫಟಿಕ ಸಿಗುತ್ತೆ, ಬಂಗಾರ ಸಿಗಲ್ಲ. ಮಾಮಾ ಅಲ್ಲಿ ಇಳಿದ ತಕ್ಷಣ "ಇದು ನಮ್ಮ ಗುಡ್ಡದ ಕಲ್ಲಿನಂಗನ ಐತೆಲ್ಲೋ" ಅಂದ್ರಂತೆ. ಚಿಕ್ಕವರಿದ್ದಾಗ ಅಜ್ಜನ ಜೊತೆ ಕಪ್ಪತಗುಡ್ಡದಲ್ಲಿ ದನ ಕಾಯ್ದೋರು, ಅವರ ಕಣ್ಣು ಸರಿಯಾಗೇ ಹಿಡಿದಿತ್ತು.

ಬಾಡಿಗೆ ಡಿಟೆಕ್ಟರ್ ಇಟ್ಕೊಂಡು ನಾಲ್ಕು ದಿನ. ಮಾಮಾನ ನೋಟ್‌ಬುಕ್ಕಲ್ಲಿ ಒಟ್ಟು 63 ಸಿಗ್ನಲ್ ಲೆಕ್ಕ ಇದೆ. ಹಳೇ ಮೊಳೆ, ಬೂಟಿನ ಮೊಳೆ, ತಂತಿ, ಡಬ್ಬಿ ಚೂರು, ಗುಂಡಿನ ತೋಟಾ, ಇವೇ ಐವತ್ತರ ಮೇಲೆ. ಆಮೇಲೆ ಬಿಸಿಗಲ್ಲು ಅಂತಾರೆ, ಕಬ್ಬಿಣದ ಅಂಶ ಜಾಸ್ತಿ ಇರೋ ಕಲ್ಲು, ಅದೂ ಡಿಟೆಕ್ಟರಿಗೆ ಲೋಹದಂಗೇ ಕೂಗುತ್ತೆ. ಮೂರನೇ ದಿನದ 14ನೇ ಸಿಗ್ನಲ್ ಎದುರಿಗೆ ಬರೆದಿರೋದು: "ಆಳ ಒಂದು ಗೇಣು. ಬಿಳಿ ಕಲ್ಲು, ತುಕ್ಕು. ಹಳದಿ ಐತಿ." ಅಷ್ಟೇ. ಜಾಗದ ಹೆಸರಿಲ್ಲ, ದಿಕ್ಕಿಲ್ಲ, ಏನಿಲ್ಲ. 34 ವರ್ಷ ಮೈಕ್ರಾನ್ ಲೆಕ್ಕದಲ್ಲಿ ರೀಡಿಂಗ್ ಬರೆದ ಮನುಷ್ಯ ಜಾಗ ಬರೆಯೋದು ಮರೆತ್ರಾ ಅಂದ್ರೆ ಮರ್ತಿಲ್ಲ, ಬೇಕಂತಲೇ ಬಿಟ್ಟಿದಾರೆ. ಕ್ಯಾರವಾನ್ ಪಾರ್ಕಲ್ಲಿ ಯಾರೋ ಹಳೇ ಕೈ ಒಬ್ರು, ಬಂಗಾರ ಸಿಕ್ಕ ಜಾಗ ಯಾವತ್ತೂ ಕಾಗದದ ಮೇಲೆ ಇಡಬೇಡ ಅಂತ ಕಿವಿಮಾತು ಹೇಳಿದ್ರಂತೆ. ಈ ಇಡೀ ಪ್ರಕರಣದಲ್ಲಿ ಆದ ತಪ್ಪುಗಳಲ್ಲೆಲ್ಲ ನನ್ನ ಪ್ರಕಾರ ದೊಡ್ಡದು ಇದೇ, ಮೂಲೆ ಒಡೆದಿದ್ದೂ ಇದರ ಮುಂದೆ ಸಣ್ಣದು.

ಈಗ ಆ ಮೂಲೆ. ವಾಪಸ್ ಬರುವಾಗ ಕಲ್ಲುಗಳನ್ನ ಕಸ್ಟಮ್ಸಲ್ಲಿ ತೋರಿಸಿ ಬರೆಸಿಯೇ ತಂದಿದ್ರು. ಪುಣೆಗೆ ಬಂದ ವಾರದಲ್ಲೇ ಮಾಮಾಗೆ ತಡೀಲಿಲ್ಲ, ಪೇಟೆಯ ಒಂದು ಬಂಗಾರದ ಅಂಗಡಿಗೆ ಒಯ್ದು ತೋರಿಸಿದಾರೆ. ಕೌಂಟರಲ್ಲಿದ್ದೋನು ನೋಡ್ತೀನಿ ಅಂತ ಒಳಗೆ ತಗೊಂಡು ಹೋಗಿ, ಕೇಳದೇ ಕಾರಿಗರನ ಕೈಲಿ ಉಳಿ ಹಾಕಿಸಿ ಮೂಲೆ ಸೀಳಿ ಒರೆಗಲ್ಲಿಗೆ ಉಜ್ಜಿ, "ಮಾಲ್ ಚಾಂಗ್ಲಾ ಆಹೆ (ಮಾಲು ಚಲೋ ಇದೆ), ಕರಗಿಸಿ ಕೊಡೋಣ" ಅಂತ ಬಂದಿದಾನೆ. ಅದೃಷ್ಟಕ್ಕೆ ಮಾಮಾ ಮನೇಲಿ ಮೊದಲೇ ಒಂದ್ಸಲ ತೂಕ ಮಾಡಿದ್ರು, 392.7 ಗ್ರಾಂ. ನನ್ನ ಕೈಗೆ ಬಂದಾಗ 386.4. ಅಂದ್ರೆ 6.3 ಗ್ರಾಂ ಅಲ್ಲೇ ಉಳೀತು. ಹೋಗಿ ಕೇಳಿದ್ರೆ ಕಸದಲ್ಲಿ ಹೋಯ್ತು ಅಂದ್ರಂತೆ. ಅಂಗಡಿ ಕಸ ಅಂದ್ರೆ ಸುಮ್ಮನೆ ಅಲ್ಲ, ಅಕ್ಕಸಾಲಿ ಕೆಲಸದ ಧೂಳು ಗುಡಿಸಿದ್ದನ್ನ ನ್ಯಾರಿಯಾಗಳು ದುಡ್ಡು ಕೊಟ್ಟು ಒಯ್ದು ತೊಳೆದು ಬಂಗಾರ ತೆಗೀತಾರೆ, ಮುಂಬೈ ಝವೇರಿ ಬಜಾರಲ್ಲಂತೂ ರಸ್ತೆಯ ಧೂಳು, ಗಟಾರದ ಕೆಸರನ್ನೂ ಬಿಡಲ್ಲ. ಆ 6.3 ಗ್ರಾಂನಲ್ಲಿ ಏನಿತ್ತೋ ಅದು ಹಂಗೆ ಯಾವನೋ ಜಾಲಗಾರನ ಬಾಣಲಿ ಸೇರಿತು ಅಂತ ನಾನಂತೂ ಅಂದ್ಕೊಂಡಿದೀನಿ.

ಇನ್ನು ಎಷ್ಟು ಬಂಗಾರ ಇದೆ ಅನ್ನೋದು. ಮಾಮಿಗೆ ಬೇಕಿದ್ದಿದ್ದು ಈ ಒಂದೇ ಉತ್ತರ, ಮೊಮ್ಮಗಳಿಗೆ ಎರಡು ಬಿಲ್ವಾರ ಬಳೆ ಆಗುತ್ತಾ ಇಲ್ವಾ. ಒಡೀದೇ ತಿಳ್ಕೊಳ್ಳೋ ಒಂದು ದಾರಿ ಇದೆ, ಅಡುಗೆಮನೆ ತೂಕದ ಮಷಿನಲ್ಲೇ ಆಗುತ್ತೆ, ಕಲ್ಲು ಹುಡುಕೋರೆಲ್ಲ ಕಲೀಬೇಕು ಅಂತ ನನ್ನ ಆಸೆ ಹಾಗಾಗಿ ಬಿಡಿಸಿ ಹೇಳ್ತೀನಿ. ಕಲ್ಲನ್ನ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಗೂಡುಗಳಲ್ಲಿರೋ ಗಾಳಿ ಗುಳ್ಳೆ ಹೊರಗೆ ಬರಬೇಕು. ಪಾತ್ರೇಲಿ ನೀರು ಹಾಕಿ ತೂಕದ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ತೆಳ್ಳನೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ಆದ್ರೆ ತಳಕ್ಕೆ ಗೋಡೆಗೆ ತಾಗಬಾರದು, ತೂಗಾಡ್ತಿರಬೇಕು. ಆಗ ಮಷಿನ್ ತೋರಿಸೋ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ನಮಗೆ ಬಂದಿದ್ದು 132.0. ಐದು ಸಲ ಮಾಡ್ದೆ, ಅರ್ಧ ಗ್ರಾಂ ಒಳಗೇ ಹಿಂದೆ ಮುಂದೆ ಆಯ್ತು.

386.4ನ್ನ 132ರಿಂದ ಭಾಗಿಸಿದ್ರೆ 2.93. ಬರೀ ಬೆಣಚುಕಲ್ಲಾದ್ರೆ 2.65 ಬರಬೇಕು, ಬಂಗಾರ 19.3. ಕಲ್ಲು ಪೂರ್ತಿ ಬೆಣಚುಕಲ್ಲು ಮತ್ತೆ ಬಂಗಾರ ಮಾತ್ರ ಅಂತ ಹಿಡಿದ್ರೆ ಲೆಕ್ಕ ಹೀಗೆ: 132 ಸಿಸಿ ಬೆಣಚುಕಲ್ಲು ತೂಗೋದು 349.8 ಗ್ರಾಂ, ನಮ್ಮದರಲ್ಲಿ 36.6 ಗ್ರಾಂ ಹೆಚ್ಚಿದೆ, ಬೆಣಚು ಇದ್ದ ಜಾಗದಲ್ಲೇ ಬಂಗಾರ ಕೂತಿರೋದ್ರಿಂದ ಅದನ್ನ 1.16ರಿಂದ ಗುಣಿಸಬೇಕು, ಸುಮಾರು 42 ಗ್ರಾಂ ಬಂಗಾರ. ಮೂರೂವರೆ ತೊಲ! ಮಾಮಾ ಪೆನ್ ಹಿಡಿದು ಪಕ್ಕದಲ್ಲೇ ಕೂತು ನನಗಿಂತ ಮೊದಲು ಲೆಕ್ಕ ಮುಗಿಸಿದ್ರು, ಆಗ ಗ್ರಾಮಿಗೆ 6 ಸಾವಿರದ ಆಸುಪಾಸು ರೇಟು, ಎರಡೂವರೆ ಲಕ್ಷ ಅಂತ ಮಾಮಿಗೆ ಕೂಗಿ ಹೇಳಿದ್ರು.

ನಾನು ತಡೀಬೇಕಾಯ್ತು. ಯಾಕಂದ್ರೆ ಆ ಲೆಕ್ಕದಲ್ಲಿ ತುಕ್ಕುಗಲ್ಲೇ ಬಂದಿಲ್ಲ, ಅದು ಬೆಣಚಿಗಿಂತ ಬಹಳ ಭಾರ. ಬಂಗಾರ ಬಿಟ್ಟು ಉಳಿದ ಕಲ್ಲಿನ ತೂಕದಲ್ಲಿ ಬರೀ 15 ಪರ್ಸೆಂಟ್ ಸಾಂದ್ರತೆ 4ರ ಕಬ್ಬಿಣಗಲ್ಲು ಅಂತ ಹಿಡಿದ್ರೂ ಉತ್ತರ 42ರಿಂದ ಸೀದಾ 21 ಗ್ರಾಮಿಗೆ ಇಳೀತು. 25 ಪರ್ಸೆಂಟ್ ಹಿಡಿದ್ರೆ 10ರ ಒಳಗೇ ಬಂತು. ಕಣ್ಣಿಗೆ ಕಾಣೋ ತುಕ್ಕು ಭಾಗ ಪೂರ್ತಿ ಗಟ್ಟಿ ಅಲ್ಲ, ಗೂಡು ಗೂಡು, ಹಂಗಾಗಿ ನಾನು 15ರ ಹತ್ರ ಇಟ್ಟೆ, ಆದ್ರೂ 10ರಿಂದ 25 ಗ್ರಾಂ ಅನ್ನೋದು ಬಿಟ್ಟು ಒಂದೇ ಸಂಖ್ಯೆ ಕೊಡೋಕೆ ನನಗೆ ಮನಸ್ಸಾಗ್ಲಿಲ್ಲ. ತೂಕ ನೋಡಿ ಇಷ್ಟು ಬಂಗಾರ ಅಂತ ಗಟ್ಟಿಯಾಗಿ ಹೇಳೋರು ಸಿಗ್ತಾರೆ, ಕಬ್ಬಿಣದ ಲೆಕ್ಕ ಕೇಳದೇ ಹೇಳಿದ್ರೆ ನಂಬಬೇಡಿ. ಪರಿಚಯದ ಒಂದು ಕಡೆ ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಓದೋ ಎಕ್ಸ್‌ಆರ್‌ಎಫ್ ಮಷಿನಲ್ಲಿ ಹಳದಿ ದಾರದ ಮೇಲೆ ಇಟ್ಟು ನೋಡಿದ್ವಿ, 93.4 ಪರ್ಸೆಂಟ್ ಬಂಗಾರ, ಉಳಿದದ್ದು ಹೆಚ್ಚಾಗಿ ಬೆಳ್ಳಿ. ಆ ಮಷಿನ್ ಮೇಲ್ಮೈ ಮಾತ್ರ ಓದುತ್ತೆ, ಒಳಗೆ ಎಷ್ಟಿದೆ ಅಂತ ಅದಕ್ಕೂ ಗೊತ್ತಾಗಲ್ಲ.

ಮನೇಲಿ ಜಗಳ ಶುರು. ಮಾಮಿ ಕುಟ್ಟಿ ಕರಗಿಸಿ ಬಿಡ್ರಿ ಅಂತಾರೆ. ಸೋಲಾಪುರದ ದೊಡ್ಡಮಾಮಾ ಫೋನ್ ಮಾಡಿ ಪಾದರಸದಾಗ ಹಾಕಿ ಎತ್ತಬಹುದು ಅಂತಾರೆ. ಅದಕ್ಕಂತೂ ನಾನು ಸಿಟ್ಟಿಗೇ ಎದ್ದೆ, ಮನೇಲಿ ಪಾದರಸ ಕಾಯಿಸಿದ್ರೆ ಹೊಗೆ ಕುಡಿದೋರ ನರ ಹೋಗುತ್ತೆ. ಇನ್ನೊಬ್ರು ಯಾರೋ ಬೆಣಚು ಕರಗಿಸೋ ಹೈಡ್ರೋಫ್ಲೋರಿಕ್ ಆಸಿಡ್ ಬಗ್ಗೆ ಓದ್ಕೊಂಡು ಬಂದಿದ್ರು, ಲ್ಯಾಬಲ್ಲಿ ಅದನ್ನ ಮುಟ್ಟೋಕೆ ನಾವೇ ಹತ್ತು ಸಲ ಯೋಚಿಸ್ತೀವಿ, ಚರ್ಮದ ಮೇಲೆ ಬಿದ್ರೆ ಎಲುಬಿಗೆ ಇಳಿಯುತ್ತೆ. ನನ್ನ ವಾದ ಏನಂದ್ರೆ ಒಡೀಬಾರದು, ಬೆಣಚಿನೊಳಗೆ ಬಂಗಾರ ಕಾಣೋ ಚಂದದ ಸ್ಯಾಂಪಲ್ಲಿಗೆ ಕರಗಿಸಿದ ಬಂಗಾರಕ್ಕಿಂತ ಹೆಚ್ಚು ಬೆಲೆ ಕೊಡೋ ಸಂಗ್ರಹಕಾರರಿದಾರೆ. ಆದ್ರೆ ಅಂಥೋರು ಮೊದಲು ಕೇಳೋದೇ ಎಲ್ಲಿ ಸಿಕ್ಕಿದ್ದು ಅಂತ. ಊರಿಲ್ಲದ ಕಲ್ಲಿಗೆ ಯಾರೂ ಬೆಲೆ ಕಟ್ಟಲ್ಲ, ವಿಜ್ಞಾನಕ್ಕೂ ಅದರಿಂದ ಉಪಯೋಗ ಇಲ್ಲ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದಿದ್ದು ಬೀಡನ್ ಅನ್ನೋ ಬಂಗಾರದ ಗಣಿ ಇಂಜಿನಿಯರಿಗೆ, ಬಂಗಾರ ಹುಡುಕ್ತಾ ಹೋದೋನು ಇನ್ನೇನನ್ನೋ ಕಂಡು ಜಾಗ ಸಮೇತ ತಿಳಿಸಿದ್ದಕ್ಕೇ ದೇವಾನಾಂಪ್ರಿಯ ಅಂದ್ರೆ ಅಶೋಕ ಅನ್ನೋದಕ್ಕೆ ಕಲ್ಲಿನ ಮೇಲೆ ಸಾಕ್ಷಿ ಸಿಕ್ಕಿದ್ದು. ಜಾಗ ಗುಟ್ಟು ಮಾಡಿದ್ರೆ ಆಗ್ತಿತ್ತಾ?

ಮಧ್ಯೆ ಇನ್ನೊಂದು ಕಲ್ಲಿನ ಗಾಬರಿ ಆಯ್ತು, ಬೇಗ ಹೇಳಿ ಮುಗಿಸ್ತೀನಿ. ಮಾಮಾ ತಂದಿದ್ದ ಬೇರೆ 31 ಕಲ್ಲುಗಳಲ್ಲಿ ಒಂದು ಕರ್ರಗೆ, ಭಾರ, ಅಯಸ್ಕಾಂತ ಅಂಟುತ್ತೆ. ಉಲ್ಕೆ ಇರಬೇಕು ಅಂತ ಮಾಮಾ ಖುಷಿ, ನನಗೆ ಭಯ. ಯಾಕಂದ್ರೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಗೋ ಉಲ್ಕಾಶಿಲೆ ಸಿಕ್ಕಿದವನದಲ್ಲ, ರಾಜ್ಯದ್ದು, ಅಲ್ಲಿನ ಮ್ಯೂಸಿಯಮ್ಮಿಗೆ ಒಪ್ಪಿಸಬೇಕು, ದೇಶದಿಂದ ಹೊರಗೆ ಒಯ್ಯೋಕೆ ಪರ್ಮಿಟ್ ಬೇಕು. ಅವರದೇ ವಿಕ್ಟೋರಿಯಾ ರಾಜ್ಯದಲ್ಲಿ 2015ರಲ್ಲಿ ಡೇವಿಡ್ ಹೋಲ್ ಅನ್ನೋರು ಮೇರಿಬರೋ ಹತ್ರ ಡಿಟೆಕ್ಟರ್ ಹಿಡಿದು 17 ಕಿಲೋದ ಕೆಂಪು ಕಲ್ಲು ಎತ್ತಿ, ಒಳಗೆ ಬಂಗಾರ ಇದೆ ಅಂತ ಗರಗಸ, ಡ್ರಿಲ್, ಆಸಿಡ್ ಎಲ್ಲ ಹಾಕಿ ವರ್ಷಗಟ್ಟಲೆ ಒದ್ದಾಡಿದ್ರು, ಒಡೀಲಿಲ್ಲ, ಕೊನೆಗೆ ಮೆಲ್ಬರ್ನ್ ಮ್ಯೂಸಿಯಮ್ಮಿಗೆ ಒಯ್ದಾಗ ಅದು 460 ಕೋಟಿ ವರ್ಷದ ಉಲ್ಕಾಶಿಲೆ ಅಂತ ಗೊತ್ತಾಯ್ತು. ನಮ್ಮದನ್ನ ಬಾತ್‌ರೂಮ್ ಟೈಲ್ಸಿನ ಹಿಂಬದಿ ಒರಟು ಮೈಗೆ ಉಜ್ಜಿದ್ರೆ ಇಟ್ಟಿಗೆ ಕೆಂಪು ಗೆರೆ ಬಂತು, ಉಲ್ಕೆಯಲ್ಲಿ ಸಾಮಾನ್ಯವಾಗಿ ಇರೋ ನಿಕ್ಕಲ್ಲಿನ ಸುಳಿವೇ ಎಕ್ಸ್‌ಆರ್‌ಎಫಲ್ಲಿ ಇಲ್ಲ. ಬರೀ ಕಬ್ಬಿಣಗಲ್ಲು. ನಿಟ್ಟುಸಿರು ಬಿಟ್ಟೆ.

ವಾಪಸ್ ಬಂಗಾರದ ಕಲ್ಲಿಗೆ. ಜಾಗ ಬೇಕು ಅಂತ ನಾನು ಹಠ ಹಿಡಿದೆ. ಮಾಮಾ ಹತ್ರ ಇದ್ದಿದ್ದು ಮಗ ವಾಟ್ಸಾಪಲ್ಲಿ ಕಳಿಸಿದ್ದ ಒಂದು ಫೋಟೋ, ಕಲ್ಲು ಹಿಡ್ಕೊಂಡು ನಗ್ತಾ ನಿಂತಿರೋದು. ವಾಟ್ಸಾಪ್ ಫೋಟೋದಲ್ಲಿ ಜಾಗದ ಮಾಹಿತಿ ಉಳಿಯಲ್ಲ, ಅಳಿಸಿ ಹೋಗಿರುತ್ತೆ. ಆದ್ರೆ ಮೂಲ ಫೋಟೋ ತಮ್ಮನ ಫೋನಲ್ಲಿತ್ತು, ಅದನ್ನ ಹಾಗೇ ಮೇಲ್ ಮಾಡಿಸಿದೆ, ಅದರೊಳಗೆ ಅಕ್ಷಾಂಶ ರೇಖಾಂಶ ಎಲ್ಲ ಹಂಗೇ ಇತ್ತು. ಮಾಮಾ ಗುಟ್ಟು ಅಂತ ಬರೀದೇ ಬಿಟ್ಟಿದ್ದನ್ನ ಫೋನು ತನ್ನಷ್ಟಕ್ಕೆ ಬರೆದಿಟ್ಟಿತ್ತು.

ದೊಡ್ಡ ಸ್ಕ್ರೀನಲ್ಲಿ ಫೋಟೋ ಹಿಗ್ಗಿಸಿ ನೋಡ್ತಿದ್ದಾಗ ಮಾಮಾನ ಹೆಗಲ ಹಿಂದೆ, ಮುಲ್ಗಾ ಗಿಡದ ಮಗ್ಗುಲಲ್ಲಿ, ಒಂದು ಗೂಟ ಕಾಣ್ತು. ಸೊಂಟದೆತ್ತರದ ಗೂಟ, ಬುಡದಿಂದ ಎರಡು ದಿಕ್ಕಿಗೆ ಎಲ್ ಆಕಾರದಲ್ಲಿ ಸಾಲಾಗಿ ಇಟ್ಟ ಕಲ್ಲುಗಳು. "ಇದೇನ್ ಮಾಮಾ" ಅಂದೆ. "ಯಾವ್ದೋ ಹಳೇ ಬೇಲಿ ಗೂಟ ಇರಬೇಕವಾ" ಅಂದ್ರು. ಅದು ಬೇಲಿ ಗೂಟ ಆಗಿರಲಿಲ್ಲ. ಆ ರಾಜ್ಯದಲ್ಲಿ ಗಣಿ ಜಾಗ ಹಿಡಿಯೋನು ಪ್ರತಿ ಮೂಲೆಗೆ ಕನಿಷ್ಠ ಒಂದು ಮೀಟರ್ ಎತ್ತರದ ಗೂಟ ನೆಟ್ಟು, ಗಡಿ ಹೋಗೋ ಎರಡೂ ದಿಕ್ಕಿಗೆ ಒಂದು ಮೀಟರ್ ಉದ್ದದ ಸಣ್ಣ ಕಾಲುವೆ ತೋಡಬೇಕು ಇಲ್ಲಾ ಕಲ್ಲು ಸಾಲು ಇಡಬೇಕು ಅಂತ ಕಾನೂನು. ಮಾಮಾ ನಿಂತಿದ್ದು ಆ ಎಲ್‌ನ ಒಳಮಗ್ಗುಲಲ್ಲಿ.

ಅಲ್ಲಿನ ವ್ಯವಸ್ಥೆ ಇಷ್ಟು. ಮೈನರ್ಸ್ ರೈಟ್ ಅಂತ ಒಂದು ಪರವಾನಗಿ, ಸಣ್ಣ ಶುಲ್ಕ, ಒಂದ್ಸಲ ತಗೊಂಡ್ರೆ ಅದಕ್ಕೆ ವಾಯಿದೆ ಇಲ್ಲ, ಅಪ್ಪ ಮಗ ಇಬ್ಬರ ಹತ್ರಾನೂ ಇತ್ತು. ಅದನ್ನಿಟ್ಕೊಂಡು ಯಾರೂ ಹಿಡಿದಿರದ ಸರ್ಕಾರಿ ಜಮೀನಲ್ಲಿ ಕೈ ಸಲಕರಣೆಯಲ್ಲಿ ಹುಡುಕಬಹುದು. ಕಂಪನಿಗಳ ಎಕ್ಸ್‌ಪ್ಲೊರೇಷನ್ ಲೈಸೆನ್ಸ್ ಇರೋ ಕಡೆ ಹುಡುಕೋಕೆ 40ಇ ಅನ್ನೋ ಬೇರೆ ಪರ್ಮಿಟ್ ಬೇಕು. ಇನ್ನು ಸಣ್ಣ ಜಾಗ ಹಿಡಿದು ಹುಡುಕೋರ ಪ್ರಾಸ್ಪೆಕ್ಟಿಂಗ್ ಲೈಸೆನ್ಸು, ಗಣಿ ತೋಡೋರ ಮೈನಿಂಗ್ ಲೀಸ್ ಇರೋ ಜಾಗ ಆದ್ರೆ ಅದರ ಹಕ್ಕುದಾರನ ಒಪ್ಪಿಗೆ ಇಲ್ಲದೇ ಹುಡುಕಂಗಿಲ್ಲ. ಯಾವುದು ಎಲ್ಲಿ ಅಂತ ನೋಡೋಕೆ ಟೆನ್‌ಗ್ರಾಫ್ ಅನ್ನೋ ಸರ್ಕಾರಿ ನಕ್ಷೆ ಇದೆ, ಯಾರು ಬೇಕಾದ್ರೂ ನೋಡಬಹುದು. ಇವರು ಹೋಗೋ ಮುಂಚೆ ನೋಡಿ ಸ್ಕ್ರೀನ್‌ಶಾಟ್ ತಗೊಂಡೂ ಇದ್ರು, ಶುರು ಮಾಡಿದ ಜಾಗ ಖಾಲಿ ಸರ್ಕಾರಿ ನೆಲಾನೇ. ಆದ್ರೆ ಡಿಟೆಕ್ಟರ್ ಹಿಡಿದೋನು ನೆಲ ನೋಡ್ತಾನೆ ದಿಕ್ಕು ನೋಡಲ್ಲ, ಕಿವಿಗೆ ಹೆಡ್‌ಫೋನು, ಮುಖಕ್ಕೆ ನೊಣದ ಪರದೆ, ಒಂದು ಸಿಗ್ನಲ್ಲಿಂದ ಇನ್ನೊಂದಕ್ಕೆ ಅಂತ ಎರಡು ತಾಸು ನಡೆದ್ರೆ ಎಲ್ಲಿದೀನಿ ಅನ್ನೋದು ಗೊತ್ತಿರಲ್ಲ, ತಂತಿ ಬೇಲಿ ಇಲ್ಲದ ದೇಶ ಅದು. ಫೋಟೋದ ಜಾಗವನ್ನ ನಕ್ಷೆ ಮೇಲೆ ಇಟ್ಟಾಗ ಒಬ್ಬರ ಪ್ರಾಸ್ಪೆಕ್ಟಿಂಗ್ ಲೈಸೆನ್ಸಿನ ಗಡಿಯೊಳಗೆ ಸುಮಾರು 40 ಮೀಟರ್ ಬಂತು. ಫೋನಿನ ಜಿಪಿಎಸ್ ಐದತ್ತು ಮೀಟರ್ ಆಚೀಚೆ ಆಗಬಹುದು, 40 ಆಗಲ್ಲ. ಮೇಲೆ ಗೂಟ ಬೇರೆ ಸಾಕ್ಷಿ ಹೇಳ್ತಿದೆ.

ಮಾಮಾ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಬಳಗದೋರು ಒಬ್ಬೊಬ್ರೂ ಒಂದೊಂದು. "ಯಾರ್ ನೋಡ್ಯಾರ", "ಅಷ್ಟ್ ದೂರದಿಂದ ಒಂದ್ ಕಲ್ಲಿಗೆ ಯಾರ್ ಬರ್ತಾರ", "ನೀನ ಜಾಗ ಹುಡುಕಲಿಕ್ಕೆ ಹೋಗಿ ಕೆಡಿಸಿದಿ ನೋಡು" ಅಂತ ನನ್ನ ಮೇಲೂ ಬಂತು. ಆ ಕೊನೇ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ, ಯಾಕಂದ್ರೆ ಅದು ಅರ್ಧ ಖರೇ. ಕಲ್ಲಿಗೆ ಬೆಲೆ ಬರಲಿ ಅಂತ ನಾನು ಹುಡುಕಿದ ಜಾಗವೇ ಆ ಕಲ್ಲು ನಮ್ಮದಲ್ಲ ಅಂತ ಹೇಳ್ತು. ಜಾಗ ಬೇಡ ಅಂದಿದ್ರೆ ಹೆಸರಿಲ್ಲದ ಕಲ್ಲಾಗಿ ಕರಗಿ ಯಾರದೋ ಬಿಲ್ವಾರ ಆಗಿರ್ತಿತ್ತು. ಮಾಮಿ ಒಂದು ರಾತ್ರಿ ಅತ್ತೂ ಬಿಟ್ರು, ದುಡ್ಡಿಗಲ್ಲ, ಈ ವಯಸ್ಸಿನಾಗ ಕಳ್ಳ ಅನ್ನಿಸ್ಕೊಳ್ಳೋದಾ ಅಂತ.

ಮೂರನೇ ದಿನ ಮಾಮಾನೇ ಬಂದು ಕೂತು ಹೇಳಿದ್ದು ಇಷ್ಟು: "ಇನ್ನೊಬ್ಬನ ಮಷಿನ್ ಮ್ಯಾಲಿಂದ ಜಾಬ್ ಬಿಚ್ಚಿ ತಂದು ನಂದು ಅಂದಂಗ ಆತಲ್ಲವಾ ಇದು. ಕೊಟ್ಟು ಬಿಡೋಣು. ನೀನ ಪತ್ರ ಬರಿ, ನನಗ ಇಂಗ್ಲಿಷ್ ಅಷ್ಟ್ ಬರಂಗಿಲ್ಲ."

ಹಕ್ಕುದಾರರು ಯಾರು ಅಂತ ಆ ಸರ್ಕಾರಿ ದಾಖಲೆಯಲ್ಲೇ ಇರುತ್ತೆ. ಪತ್ರದಲ್ಲಿ ಎಲ್ಲ ಬರೆದ್ವಿ, ದಿನಾಂಕ, ಜಾಗ, ಒಂದು ಗೇಣು ಆಳ, 392.7 ಇದ್ದಿದ್ದು 386.4 ಆದದ್ದು ಹೇಗೆ, 132.0, ನಮ್ಮ 10ರಿಂದ 25 ಗ್ರಾಂ ಅಂದಾಜು, ಫೋಟೋ, ಗೂಟ ಸಮೇತ. 6.3 ಗ್ರಾಂ ವಿಷಯ ಬರೆಯೋದು ಬೇಡ ಅಂತ ತಮ್ಮ ಅಂದ, ಮಾಮಾ ಬರೀಲೇಬೇಕು ಅಂದ್ರು. 19 ದಿನ ಉತ್ತರ ಇಲ್ಲ. ಬಂದಾಗ ಮೊದಲ ಸಾಲೇ ಖಾರ, ಗೂಟ ಕಣ್ಣಿಗೆ ಬೀಳ್ಲಿಲ್ವಾ ಅಂತ. ಅದರ ಕೆಳಗೆ, ಅವರು ಮಂಡಿ ಆಪರೇಷನ್ ಆಗಿ ಆ ವರ್ಷ ಅಲ್ಲಿಗೆ ಹೋಗೋಕೇ ಆಗಿಲ್ಲ, ಅವರು ಅಂದ್ಕೊಂಡಿದ್ದ ಬೆಣಚಿನ ಸಾಲು ಗೂಟದ ಇನ್ನೊಂದು ಬದಿಗಿದೆ, ಕಲ್ಲಿಗಿಂತ ಆ ಗುಂಡಿ ಎಲ್ಲಿ ಅನ್ನೋದು ಅವರಿಗೆ ಮುಖ್ಯ, ಅದನ್ನ ಬಂದು ತೋರಿಸಬೇಕು ಅಂತ.

2024ರ ಫೆಬ್ರವರಿಯಲ್ಲಿ ತಮ್ಮ ಮದುವೆ ಒಂದಕ್ಕೆ ಪುಣೆಗೆ ಬಂದಿದ್ದ, ಹೋಗುವಾಗ ಒಯ್ದ. ಮಣ್ಣಿನ ಅಂಶ ಇದ್ರೆ ಆಸ್ಟ್ರೇಲಿಯಾದೊಳಗೆ ಬಿಡಲ್ಲ ಹಾಗಾಗಿ ಹಿಂದಿನ ರಾತ್ರಿ ನಾನು ಹಳೇ ಟೂತ್‌ಬ್ರಷಲ್ಲಿ ಆ ಚೌಕ ಗೂಡುಗಳನ್ನೆಲ್ಲ ಒಂದೊಂದೇ ತಿಕ್ಕಿ ತೊಳೆದೆ. ತೊಳೆದ ಮೇಲೆ ಒಂದು ಗೂಡಿನ ತಳದಲ್ಲಿ ಅಲ್ಲಿವರೆಗೆ ಕಾಣದೇ ಇದ್ದ ಇನ್ನೊಂದು ಹಳದಿ ಚುಕ್ಕೆ ಕಾಣ್ತು. ಮಾಮಾನ್ನ ಕರೆದು ತೋರಿಸಿದೆ. ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದ್ರು.

ಮೇ ತಿಂಗಳಲ್ಲಿ ತಮ್ಮ ಅವರ ಜೊತೆ ಹೋಗಿ ಜಾಗ ತೋರಿಸಿ ಬಂದ. ಕಲ್ಲು ಅವರ ಹತ್ರಾನೇ ಇದೆ, ಒಡೀದೇ ಇಡ್ತೀನಿ ಅಂದಿದಾರೆ. ಮುಂದಿನ ಸಲ ಅಪ್ಪ ಬಂದ್ರೆ ಎರಡು ದಿನ ಆ ಜಾಗದಲ್ಲಿ ಡಿಟೆಕ್ಟರ್ ಆಡಿಸಬಹುದು, ಬರಹದಲ್ಲಿ ಕೊಡ್ತೀನಿ ಅಂತಾನೂ ಅಂದ್ರಂತೆ.

ಮಾಮಾ ಈಗ ಉಳಿದ 31 ಕಲ್ಲುಗಳ ಜಾಗ ಮಗನ ಫೋಟೋಗಳಿಂದ ಒಂದೊಂದೇ ಹುಡುಕ್ತಿದಾರೆ, 22 ಸಿಕ್ಕಿದೆ, ಪ್ರತಿಯೊಂದಕ್ಕೂ ಬಿಳಿ ಪೇಂಟಿನ ಚುಕ್ಕೆ, ಮೇಲೆ ನಂಬರು. ಹೋದ ಭಾನುವಾರ ವಾಘೋಲಿ ಕ್ವಾರಿಗೆ ನನ್ನ ಜೊತೆ ಬರ್ತೀನಿ ಅಂದ್ರು, ಬೆಳಿಗ್ಗೆ ಆರಕ್ಕೇ ಫೋನು, "ಕ್ವಾರಿ ಮಾಲೀಕನ್ನ ಕೇಳಿಯೇನು? ಕೇಳಿಲ್ಲಂದ್ರ ನಾ ಗಾಡಿ ತಗ್ಯಂಗಿಲ್ಲ."